ನಲವತ್ತು ಡಬ್ಬಿ ಗುರೆಳ್ಳು ಚಟ್ನಿ

ಶಲವಡಿ

ಸಮಾನತಾ ಸಮ್ಮೇಳನದ ಕಾರ್ಯದರ್ಶಿ ಸಂಗನಬಸವ ಅವರಿಗೆ,

ಅತಿಥಿಗಳಿಗೆ ಉಡುಗೊರೆ ಕೊಡಲು ನೀವೇ ಕೇಳಿದ್ದ ಗುರೆಳ್ಳು ಚಟ್ನಿಯ ನಲವತ್ತೂ ಡಬ್ಬಿಗಳನ್ನು ಟಂಟಂ ಓಡಿಸುವ ಜಾಕೀರ್ ವಾಪಸ್ ತಂದಿಳಿಸಿದ. "ಯಾವ ಕೇರ್ಯಾಗ ಕುಟ್ಟಿದ್ದು ಅಂತ ನಿಮ್ಮ ಸಮಿತಿಯವರು ಕೇಳಿದ್ರಬೇ ಯಕ್ಕಾ. ಹೇಳಿದೆ. ಆಮ್ಯಾಲ ಇದರ ಬದ್ಲಿ ಎಲ್ಲಾರ್ಗೂ ಪೇಢೆ ಹಂಚಿದ್ರು" ಎಂದ.

ಕೊಟ್ಟವರ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬ ನಮ್ಮ ಕಡೆಯ ಪದ್ಧತಿಯನ್ನು ಭೇಷಾಗಿ ಪಾಲಿಸಿದ್ದೀರಿ!

ಇಪ್ಪತ್ತು ವರ್ಷ ಒಂದೇ ಜೀಪಿನಲ್ಲಿ ತಿರುಗಿ ಘೋಷಣೆ ಕೂಗಿದ್ದೇವೆ. ನೀವು ನನ್ನ ಹೊಸ್ತಿಲು ದಾಟಿಲ್ಲ. "ಆಕಿ ಅವರ ಪೈಕಿ" ಎಂದು ಕೇರಿಯವರು ನನ್ನನ್ನು ಊಟಕ್ಕೆ ಕರೆಯುವುದನ್ನೇ ಬಿಟ್ಟಿದ್ದಾರೆ.

ಕ್ಷಮೆಯ ಪತ್ರ ಬೇಡ, ಸನ್ಮಾನವೂ ಬೇಡ. ಬರುವ ರವಿವಾರ ಮನೆಗೆ ಬಂದು ನನ್ನ ಬಾಜು ಕುಳಿತು ಊಟ ಮಾಡಿ. ಒಬ್ಬಳೇ ಉಂಡು ಸಾಕಾಗಿದೆ.

ದುರುಗವ್ವ ಮಾದರ