ಬಾಲಿಗೆ ಹೋಗಲು ಬಾಯಿ ಪರೀಕ್ಷೆ

ಜನವರಿ ೧೧, ಭಾನುವಾರ. ಕೋಣಂದೂರು.

ಗೆದ್ದೆನೋ ಸೋತೆನೋ ತಿಳಿಯದೆ ನಿದ್ದೆ ಹತ್ತುತ್ತಿಲ್ಲ. ಅಕ್ಕನ ಮಗಳು ಯಶಸ್ವಿನಿ ಫೋಟೋ ತೆಗೆಯಲು ಬಾಲಿ ದ್ವೀಪಕ್ಕೆ ಹೊರಟಿದ್ದಾಳೆ. ಬೆಂಕಿ ಉಗುಳುವ ಪರ್ವತದ ಮೇಲೆ ಸೂರ್ಯೋದಯವಂತೆ! ಇಷ್ಟು ವರ್ಷ ನಾಟಕದ ಪರದೆಯ ಮೇಲೆ ಬರೆದ ಪರ್ವತದ ಮುಂದೆ ಗದೆ ತಿರುಗಿಸಿದವನು ನಾನು. ನಿಜವಾದ ಜ್ವಾಲಾಮುಖಿಯನ್ನು ನೋಡಲೇಬೇಕು, ನಾನೂ ಬರುತ್ತೇನೆ ಎಂದೆ. ಅವಳದು ಒಂದೇ ಷರತ್ತು: "ಮಾವ, ನಾನು ಫೋಟೋ ತೆಗಿಯೋವಾಗ ನೀವು ತುಟಿ ಪಿಟಕ್ ಅನ್ನಬಾರ್ದು."

ಅದರ ಪರೀಕ್ಷೆಗೆಂದು ಇವತ್ತು ನಸುಕಿನಲ್ಲೇ ಕುಂದಾದ್ರಿ ಬೆಟ್ಟಕ್ಕೆ ಕರೆದೊಯ್ದಳು. ಕತ್ತಲಿರುವ ತನಕ ನಾನು ಕಲ್ಲಿನ ಗೊಂಬೆ. ಆಮೇಲೆ ಎದುರಿನ ಬೆಟ್ಟದಾಚೆಯಿಂದ ಬೆಳಕು ಬಂದು ಮುಖಕ್ಕೆ ಬಿತ್ತು ನೋಡಿ, ಅಷ್ಟೇ! ಮುಖಕ್ಕೆ ಲೈಟು ಬಿದ್ದ ಮೇಲೂ ಮಾತು ಶುರುಮಾಡದ ನಟ ಎಲ್ಲಿದ್ದಾನೆ? "ಎಲೈ ದಿನಕರನೇ!" ಎಂದು ಗರ್ಜಿಸಿದೆ. ಯಶಸ್ವಿನಿ ಬೆಚ್ಚಿಬಿದ್ದಳು. ಫೋಟೋದಲ್ಲಿ ಸೂರ್ಯನಿಲ್ಲ, ಅವಳ ಚಪ್ಪಲಿ ಇದೆ.

ಬೆಟ್ಟ ಇಳಿದು ವಾಪಸ್ಸು ಬಂದೆವು. ಮನೆಯ ಹತ್ತಿರ ಕಾರು ನಿಲ್ಲಿಸಿ, "ನಿಮ್ಮನ್ನ ಬಿಟ್ಟು ಹೋದ್ರೆ ಅಮ್ಮ ನನ್ನ ಸುಮ್ನೆ ಬಿಡಲ್ಲ. ಬನ್ನಿ ಮಾವ. ಆದ್ರೆ ಅಲ್ಲಿ ಸೂರ್ಯಂಗೆ ಬೆನ್ನು ಹಾಕ್ಕೊಂಡು ಕೂರ್ಬೇಕು," ಎಂದಳು.

ಆಗಲಿ ಎಂದು ಆಣೆ ಮಾಡಿದೆ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಆ ಜಾಗದ ವಿಡಿಯೋ ನೋಡಿದೆ. ಎದುರಿಗೆ ಸೂರ್ಯ. ಹಿಂದೆ ಗುಡ್ಡದ ತುಂಬ ಸಾಲುಸಾಲಾಗಿ ಕೂತ ಜನ, ನಾಟಕದ ಪರದೆ ಏಳುವುದನ್ನೇ ಕಾಯುವಂತೆ! ಸೂರ್ಯನಿಗೆ ಬೆನ್ನು ಹಾಕಿದರೆ ನಾನು ಅಷ್ಟೂ ಪ್ರೇಕ್ಷಕರಿಗೆ ಮುಖ ಕೊಟ್ಟಂತಲ್ಲವೇ? ಇದನ್ನು ಅವಳಿಗೆ ಹೇಳಲೋ ಬೇಡವೋ... ಮೊದಲು ಟಿಕೆಟ್ಟಾಗಲಿ.