ಹನ್ನೊಂದು ನಿಮಿಷ ತಡ

ಹಳೇ ರೈಲು ನಿಲ್ದಾಣದ ಮ್ಯೂಸಿಯಂ ಮೇಲ್ವಿಚಾರಕರಿಗೆ,

ನಮಸ್ಕಾರ.

ನಮ್ಮ ನಿಲ್ದಾಣದ ಚರಿತ್ರೆಯನ್ನು ಗೋಡೆಯ ಮೇಲೆ ಚೆನ್ನಾಗಿ ಬರೆಸಿದ್ದೀರಿ. ಕೊನೆಯ ಸಾಲು ಮಾತ್ರ ತಪ್ಪು. ಅಲ್ಲಿಂದ ಹೊರಟ ಕೊನೆಯ ರೈಲು ಹನ್ನೊಂದು ನಿಮಿಷ ತಡವಾದದ್ದು ಡ್ರೈವರನ ಅಜಾಗರೂಕತೆಯಿಂದಲ್ಲ. ಅದರ ಗಾರ್ಡ್ ನಾನು. ಮೂವತ್ತು ವರ್ಷ ತೋರಿಸಿದ ಹಸಿರು ಬಾವುಟವನ್ನು ಅಂದು ಎತ್ತಲು ನನಗೆ ಮನಸ್ಸೇ ಬರಲಿಲ್ಲ.

ಮೇಲಿನವರು ಕೇಳಿದಾಗ ಡ್ರೈವರ್, "ತಪ್ಪು ನಂದೇ ಸಾರ್, ಸ್ವಲ್ಪ ಮೈಮರೆತೆ" ಅಂದುಬಿಟ್ಟ. ಅವನ ಬಡ್ತಿ ತಪ್ಪಿತು. ನಾನು ಬಾಯಿ ಬಿಡಲಿಲ್ಲ.

ಭಾನುವಾರ ಅವನ ಮಗಳು ಅವನನ್ನು ಗಾಲಿಕುರ್ಚಿಯಲ್ಲಿ ಅಲ್ಲಿಗೆ ಕರೆತರುತ್ತಾಳಂತೆ. ಅಷ್ಟರೊಳಗೆ ಆ ಸಾಲನ್ನು ತಿದ್ದಿಸಿ. ಪೇಂಟರ್ ಸಿಗದಿದ್ದರೆ ನಾನೇ ಬಂದು ಬರೆಯುತ್ತೇನೆ, ಅಕ್ಷರ ಇನ್ನೂ ದುಂಡಗಿದೆ. ಈ ಸಲ ತಡ ಮಾಡುವುದು ಬೇಡ.

ಇತಿ,
ಆ ರೈಲಿನ ಗಾರ್ಡ್