ಅಪ್ಪನ ಎಡೆಗೆ ಕಡಲ ನೀರು

ಏಡನ್ ಬಂದರು

ಅಕ್ಕ ಚಿಕ್ಕಬೀರಮ್ಮನಿಗೆ ತಮ್ಮ ಮಂಟಯ್ಯನ ನಮಸ್ಕಾರ.

ನಡುಗಡಲಲ್ಲಿ ಗಾಳಿ ಬಿದ್ದು ನಮ್ಮ ಹಾಯಿಹಡಗು ನಿಂತಿತು, ಕುಡಿಯುವ ನೀರು ಮುಗಿಯಿತು. ಕಡಲ ನೀರು ಕುದಿಸಿ, ಮುಚ್ಚಳಕ್ಕೆ ಕಟ್ಟಿದ ಹಬೆಯನ್ನು ತೊಟ್ಟುತೊಟ್ಟಾಗಿ ಹಿಡಿದು ಕುಡಿದೆವು. ಅದರಲ್ಲಿ ಉಪ್ಪಿರುವುದಿಲ್ಲ. ಮಹಾಲಯ ಅಮಾವಾಸ್ಯೆಯಂದು ನನ್ನ ಪಾಲಿನ ಲೋಟವನ್ನು ಅಪ್ಪನಿಗೆ ಎಡೆಯಿಟ್ಟೆ. ಹಿರಿಯರು ಉಣ್ಣಲೆಂದು ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಬಾಗಿಲು ಮುಚ್ಚುತ್ತೇವಲ್ಲ, ಇಲ್ಲಿ ಬಾಗಿಲೇ ಇಲ್ಲ. ಎಲ್ಲರನ್ನೂ ಬೆನ್ನು ತಿರುಗಿಸಿ ಕೂರಿಸಿದೆ. ಆಮೇಲೆ ನೋಡಿದರೆ ಲೋಟ ಖಾಲಿ, ಜ್ವರದಲ್ಲಿ ಮಲಗಿದ್ದ ಖಲಾಸಿ ಮೊಯ್ದಿನನ ಗಡ್ಡ ಒದ್ದೆ. ಹೊಡೆಯಲು ಎದ್ದ ಹಡಗಿನ ಮುಖ್ಯಸ್ಥ ತಂಡೇಲನ ಕೈ ಹಿಡಿದೆ: "ಬುಡಿ ಸಾಮಿ, ನಮ್ಮಪ್ಪ ಕುಡ್ದವ್ನೆ."

ಮೊಯ್ದಿನ್ ಮರುದಿನ ತೀರಿಕೊಂಡ. ಅವನ ಬಾಯಿಗೆ ಬಿದ್ದ ಕಡೆಯ ನೀರು ಅದೇ.

ನೀರಿಲ್ಲದೆ ಒಡೆದಿದ್ದ ನನ್ನ ತುಟಿಯ ಹುಣ್ಣು ಮಾಯ್ದಿದೆ, ಚಿಂತೆ ಬೇಡ. ಟಪಾಲು ಹೊರಡುತ್ತಿದೆ. ಬರುವ ವರ್ಷ ಎಡೆಗೆ ಎರಡು ಲೋಟ ಇಡು.

ಮಂಟಯ್ಯ